ಕೊಂಬಿನ ಮೇಲೆ ಕೈ

ಇತಿಹಾಸದಲ್ಲಿ ಹೆಂಗಸರೂ ಏನೋ ಒಂದಿಷ್ಟು ಮಾಡಿದ್ದಾರೆ ಎಂಬ ಸಂಗತಿ ಆ ಊರಿನ ನಗರಸಭೆಗೆ ಒಂದು ಸೋಮವಾರ ಬೆಳಿಗ್ಗೆ ಗೊತ್ತಾಯಿತು. ಮೇಲಿನಿಂದ ಆದೇಶ ಬಂದಿತ್ತು. ಪ್ರತಿ ಊರಿನಲ್ಲೂ ಹೆಂಗಸರ ಗೌರವಾರ್ಥ ಒಂದು ಸ್ಮಾರಕ ನಿಲ್ಲಬೇಕು, ವರ್ಷ ತುಂಬುವುದರೊಳಗೆ ನಿಲ್ಲಬೇಕು, ನಿಲ್ಲದಿದ್ದರೆ ಯಾಕೆ ನಿಲ್ಲಲಿಲ್ಲ ಎಂದು ವಿವರಣೆ ಕೊಡಬೇಕು. ವಿವರಣೆ ಕೊಡುವುದಕ್ಕಿಂತ ಸ್ಮಾರಕ ಕಟ್ಟುವುದೇ ಸುಲಭ ಎಂದು ಅಧ್ಯಕ್ಷರಿಗೆ ಅನ್ನಿಸಿತು. ನಮ್ಮೂರ ಹೆಂಗಸರು ಮಾಡಿದ್ದಾದರೂ ಏನು ಎಂದು ಅವರು ತಲೆ ಕೆರೆದುಕೊಳ್ಳಬೇಕಾಗಿಯೂ ಬರಲಿಲ್ಲ. ಅದು ಶಾಲೆಯ ಪಾಠದಲ್ಲೇ ಇತ್ತು.

ಐವತ್ತು ವರ್ಷದ ಹಿಂದೆ ಮೇಲಿನ ಅಣೆಕಟ್ಟು ಒಡೆದಾಗ ಕೆಳಪೇಟೆಯ ಮನೆಗಳೆಲ್ಲ ಕೊಚ್ಚಿಹೋದವು, ಆದರೆ ಒಂದು ಜೀವವೂ ಹೋಗಲಿಲ್ಲ. ನೀರು ಬರುವ ಹೊತ್ತಿಗೆ ಜನ ನಾಯಿ ಬೆಕ್ಕುಗಳ ಸಮೇತ ಗುಡ್ಡ ಹತ್ತಿ ಕೂತಿದ್ದರು. ಟೆಲಿಫೋನ್ ಎಕ್ಸ್‌ಚೇಂಜಿನ ಹುಡುಗಿಯರು ಊರಿನಲ್ಲಿದ್ದ ಒಂದೊಂದು ಫೋನಿಗೂ ಗಂಟೆ ಹೊಡೆಸಿ, ‘ಅಕ್ಕಪಕ್ಕದವರಿಗೂ ಹೇಳಿ, ಓಡಿ’ ಎಂದಿದ್ದರು. ಇದೆಲ್ಲ ಪಾಠದಲ್ಲಿತ್ತು. ಪಾಠದ ಹೆಸರು ‘ಒಬ್ಬ ಸೂಪರಿಂಟೆಂಡೆಂಟರ ಸಮಯಪ್ರಜ್ಞೆ’. ಎಕ್ಸ್‌ಚೇಂಜಿನ ಸೂಪರಿಂಟೆಂಡೆಂಟರು ನದಿಯ ಬಣ್ಣ ನೋಡಿದೊಡನೆ ಅಪಾಯ ಊಹಿಸಿದರಂತೆ, ಅಪ್ಪಣೆ ಕೊಟ್ಟರಂತೆ, ಹುಡುಗಿಯರು ಅದನ್ನು ಶಿರಸಾವಹಿಸಿ ಪಾಲಿಸಿದರಂತೆ. ಸೂಪರಿಂಟೆಂಡೆಂಟರಿಗೆ ಪದಕ ಸಿಕ್ಕಿತು. ಅಧ್ಯಕ್ಷರು ಆ ಸೂಪರಿಂಟೆಂಡೆಂಟರ ಒಬ್ಬನೇ ಮಗ. ಪದಕ ಈಗಲೂ ಅವರ ಮನೆಯ ಹಜಾರದಲ್ಲಿ, ಬಂದವರ ಕಣ್ಣಿಗೆ ಬೀಳುವ ಹಾಗೆ, ಗಾಜಿನ ಪೆಟ್ಟಿಗೆಯಲ್ಲಿದೆ.

ಆ ಪಾಠವನ್ನು ಓದಿದಾಗಲೆಲ್ಲ ಒಬ್ಬಾಕೆಗೆ ಹೊಟ್ಟೆಯಲ್ಲಿ ಬೆಂಕಿ ಇಟ್ಟ ಹಾಗಾಗುತ್ತಿತ್ತು. ಊರೆಲ್ಲ ಆಕೆಯನ್ನು ದೊಡ್ಡಮ್ಮ ಎಂದೇ ಕರೆಯುತ್ತದೆ. ಆ ಹುಡುಗಿಯರಲ್ಲಿ ಒಬ್ಬಳು ಅವಳು. ಸ್ಮಾರಕ ಸಮಿತಿಯಲ್ಲಿ ಹೆಂಗಸರೇ ಇಲ್ಲವಲ್ಲ ಎಂದು ಯಾರೋ ಕೊನೇ ಗಳಿಗೆಯಲ್ಲಿ ನೆನಪಿಸಿದ್ದರಿಂದ ಅವಳನ್ನೂ ಸೇರಿಸಿಕೊಂಡಿದ್ದರು. ಅವಳಿಗೆ ಕೊಟ್ಟ ಕುರ್ಚಿ ಬಾಗಿಲ ಪಕ್ಕದ್ದು. ಚಹಾ ತರುವವನಿಗೆ ದಾರಿ ಬಿಡಲು ಆಗಾಗ ಏಳಬೇಕಾಗುತ್ತಿತ್ತು.

ನಿಜವಾಗಿ ನಡೆದದ್ದು ಇಷ್ಟು. ಆ ಮಧ್ಯಾಹ್ನ ಎಕ್ಸ್‌ಚೇಂಜಿನಲ್ಲಿ ಇದ್ದವರು ಮೂವರೇ. ಒಬ್ಬಳು ದೊಡ್ಡಮ್ಮ, ಆಗಿನ್ನೂ ಯಾರಿಗೂ ದೊಡ್ಡಮ್ಮ ಆಗಿರಲಿಲ್ಲ. ಇನ್ನೊಬ್ಬಳು ಮೈಕಮ್ಮ, ಅವಳು ‘ಹಲೋ’ ಅಂದರೆ ಆ ಕಡೆಯವರಿಗೆ ಫೋನಿಲ್ಲದೆಯೂ ಕೇಳಿಸುತ್ತಿತ್ತು. ಮೂರನೆಯವಳು ಹೊಸದಾಗಿ ಸೇರಿದ ಸಣ್ಣ ಹುಡುಗಿ. ಬಂದದ್ದು ಗೊತ್ತಾಗುತ್ತಿರಲಿಲ್ಲ, ಹೋದದ್ದು ಗೊತ್ತಾಗುತ್ತಿರಲಿಲ್ಲ. ಅದಕ್ಕೇ ಅವಳಿಗೆ ಇಲಿಮರಿ ಎಂದು ಹೆಸರಿಟ್ಟಿದ್ದರು. ಅಣೆಕಟ್ಟಿನ ಇಂಜಿನಿಯರು ರಾಜಧಾನಿಯ ದೊಡ್ಡ ಸಾಹೇಬರಿಗೆ ಮಾಡಿದ ಟ್ರಂಕ್ ಕಾಲನ್ನು ಜೋಡಿಸಿಕೊಟ್ಟವಳು ಈ ಇಲಿಮರಿ. ಜೋಡಿಸಿದ ಮೇಲೆ ಕಿವಿ ತೆಗೆಯಬೇಕೆಂಬುದು ನಿಯಮ. ಇಲಿಮರಿ ತೆಗೆಯಲಿಲ್ಲ. ಗೋಡೆ ಬಿರುಕು ಬಿಟ್ಟಿದೆ, ಸಂಜೆಯವರೆಗೆ ನಿಲ್ಲುವುದು ಕಷ್ಟ ಎಂದು ಇಂಜಿನಿಯರು ಅಳುವುದೊಂದು ಬಾಕಿ. ಸಾಹೇಬರು, ‘ಯಾರಿಗೂ ಹೇಳ್ಬೇಡ, ಜನ ಗಾಬರಿಯಾಗ್ತಾರೆ, ನಾಳೆ ನೋಡೋಣ’ ಎಂದು ಇಟ್ಟುಬಿಟ್ಟರು. ಇಲಿಮರಿ ಸುಣ್ಣದ ಹಾಗೆ ಬಿಳುಚಿಕೊಂಡು ಉಳಿದಿಬ್ಬರಿಗೆ ಹೇಳಿದಳು. ಸೂಪರಿಂಟೆಂಡೆಂಟರ ಕುರ್ಚಿ ಖಾಲಿ ಇತ್ತು. ಅಪ್ಪಣೆ ಕೇಳೋಣವೆಂದರೆ ಕೊಡುವವರೇ ಇರಲಿಲ್ಲ; ಇದ್ದಿದ್ದರೆ ಬೇಡ ಎನ್ನುತ್ತಿದ್ದರು. ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ಕೆಲಸ ಶುರುಮಾಡಿದರು. ಸೂಪರಿಂಟೆಂಡೆಂಟರು ಏದುಸಿರು ಬಿಡುತ್ತ ಬಂದದ್ದು ಕೆಳಪೇಟೆ ಅರ್ಧ ಖಾಲಿಯಾದ ಮೇಲೆ.

ಆಮೇಲೆ ವಿಚಾರಣೆ ಬಂತು. ನಿಮಗೆ ಹೇಗೆ ಗೊತ್ತಾಯಿತು ಎಂದರೆ ಏನು ಹೇಳುವುದು? ಬೇರೆಯವರ ಮಾತಿಗೆ ಕಿವಿಗೊಟ್ಟ ಆಪರೇಟರಿಗೆ ಅದೇ ದಿನ ಮನೆಯ ದಾರಿ. ಸೂಪರಿಂಟೆಂಡೆಂಟರು ಮೂವರನ್ನೂ ಕರೆದು, ‘ನಾನು ಹೇಳಿದೆ, ನೀವು ಮಾಡಿದ್ರಿ ಅನ್ನಿ, ನಿಮ್ಮ ಕೆಲಸ ಉಳಿಯುತ್ತೆ’ ಎಂದರು. ಕೆಲಸ ಉಳಿಯಿತು. ಪದಕ ಅವರ ಕೊರಳಿಗೆ ಹೋಯಿತು. ಮರುವರ್ಷ ಅವರು ಇಲಿಮರಿಯನ್ನೇ ಮದುವೆಯಾದರು. ಗುಟ್ಟನ್ನೂ ಗುಟ್ಟಿನ ಹುಡುಗಿಯನ್ನೂ ಒಟ್ಟಿಗೇ ಮನೆಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿಕೊಂಡರು ಎಂದು ಮೈಕಮ್ಮ ಈಗಲೂ ಹೇಳುತ್ತಾಳೆ, ಅವಳ ಮಟ್ಟಿಗೆ ಮೆಲ್ಲಗೆ, ಅಂದರೆ ಬೀದಿಯ ಆ ತುದಿಗೆ ಕೇಳಿಸುವಷ್ಟು. ಅಮ್ಮ ಮದುವೆಗೆ ಮುಂಚೆ ಸ್ವಲ್ಪ ದಿನ ಎಕ್ಸ್‌ಚೇಂಜಿನಲ್ಲಿದ್ದಳು, ಅಪ್ಪ ಅವಳನ್ನು ಅಲ್ಲೇ ಮೆಚ್ಚಿದ್ದು ಎಂಬಷ್ಟೇ ಅಧ್ಯಕ್ಷರಿಗೆ ಗೊತ್ತಿದ್ದದ್ದು.

ಎಕ್ಸ್‌ಚೇಂಜು ಮುಚ್ಚಿ ಎಷ್ಟೋ ಕಾಲವಾಯಿತು. ಸೂಪರಿಂಟೆಂಡೆಂಟರೂ ತೀರಿಹೋದರು. ದೊಡ್ಡಮ್ಮನನ್ನು ಕೆಲಸದಿಂದ ತೆಗೆಯುವವರು ಈಗ ಯಾರೂ ಉಳಿದಿರಲಿಲ್ಲ. ಕಣ್ಣು ಮುಚ್ಚುವುದರೊಳಗೆ ಒಂದು ಸಲ, ಒಂದೇ ಒಂದು ಸಲ, ನಡೆದದ್ದು ನಡೆದ ಹಾಗೆ ಊರಿನ ಮುಂದೆ ಬರಬೇಕು, ಕೇಳಿಸಿಕೊಂಡದ್ದು ನಾವು, ನಿರ್ಧಾರ ಮಾಡಿದ್ದು ನಾವು ಎಂದು ಎಲ್ಲರಿಗೂ ಗೊತ್ತಾಗಬೇಕು ಎಂಬುದು ಅವಳ ಆಸೆ. ಅದಕ್ಕೇ ಅವಳು ಆ ಬಾಗಿಲ ಪಕ್ಕದ ಕುರ್ಚಿಯನ್ನು ಬಾಯಿ ಮುಚ್ಚಿಕೊಂಡು ಒಪ್ಪಿದ್ದು.

ಮೊದಲನೇ ಸಭೆಯಲ್ಲಿ ಹೆಂಗಸಿನ ಕೈಗೆ ಏನು ಕೊಡುವುದು ಎಂಬ ಚರ್ಚೆ ಎದ್ದಿತು. ಒಬ್ಬರು ದೀಪ ಎಂದರು. ಒಬ್ಬರು ಪುಸ್ತಕ ಎಂದರು. ಇನ್ನೊಬ್ಬರು ಕಂಕುಳಲ್ಲಿ ಮಗು ಇಲ್ಲದಿದ್ದರೆ ಅದು ಹೆಂಗಸು ಎಂದು ಗೊತ್ತಾಗುವುದು ಹೇಗೆ ಎಂದರು.

‘ಸ್ವಿಚ್‌ಬೋರ್ಡ್ ಮುಂದೆ ಮಗು ಎತ್ಕೊಂಡು ಕೂತಿದ್ರೆ ನಿಮ್ಮ ಅಪ್ಪಾಜಿ ಆವತ್ತೇ ಮನೆಗೆ ಕಳಿಸ್ತಿದ್ರು’ ಎಂದು ದೊಡ್ಡಮ್ಮ ಅಧ್ಯಕ್ಷರ ಕಡೆ ನೋಡಿ ಹೇಳಿದಳು. ಅಪ್ಪಾಜಿ ಎಂಬ ಮಾತು ಕೇಳಿದೊಡನೆ ಅಧ್ಯಕ್ಷರು ನೆಟ್ಟಗೆ ಕೂತರು.

‘ಸರಿಯಾಗಿ ಹೇಳಿದ್ರಿ ದೊಡ್ಡಮ್ಮ. ಅಪ್ಪನಿಲ್ಲದೆ ಈ ಸ್ಮಾರಕ ಇಲ್ಲ. ನನ್ನ ಮನಸ್ಸಲ್ಲಿ ಇರೋದು ಏನಂದ್ರೆ, ಕೆಲಸ ಮಾಡ್ತಿರೋ ಹೆಣ್ಣುಮಗಳು ಮುಂದೆ ಕೂತಿರ್ತಾಳೆ. ಹಿಂದೆ ಅಪ್ಪ ನಿಂತು, ಹೀಗೆ, ಬೆರಳು ತೋರಿಸಿ ಅಪ್ಪಣೆ ಕೊಡ್ತಿರ್ತಾರೆ.’

ಅವರು ಎದ್ದು ನಿಂತು ತೋರಿಸಿಯೂ ಬಿಟ್ಟರು. ಹೆಂಗಸರ ಸ್ಮಾರಕದಲ್ಲಿ ಎಲ್ಲಕ್ಕಿಂತ ಎತ್ತರವಾಗಿ ಒಬ್ಬ ಗಂಡಸು. ಸಮಿತಿಯವರು ತಲೆಯಾಡಿಸಿದರು. ಫಲಕ ಬರೆಯಲು ಒಪ್ಪಿಕೊಂಡಿದ್ದ ನಿವೃತ್ತ ಮೇಷ್ಟರು ಆಗಲೇ ‘ಅಪ್ಪಣೆಯನ್ನು ಶಿರಸಾವಹಿಸಿ’ ಎಂಬಲ್ಲಿಗೆ ತಲುಪಿದ್ದರು. ಶಾಲೆಯ ಪಾಠ ಬರೆದವರೂ ಅವರೇ ಆದ್ದರಿಂದ ಕೈ ತಾನಾಗಿಯೇ ಓಡುತ್ತಿತ್ತು.

ಇಲ್ಲಿ ಜಗಳಕ್ಕೆ ನಿಂತರೆ ಕೆಲಸ ಕೆಡುತ್ತದೆ ಎಂದು ದೊಡ್ಡಮ್ಮನಿಗೆ ಗೊತ್ತು. ದಿನವಿಡೀ ಬೇರೆಯವರ ಮಾತು ಜೋಡಿಸಿಕೊಡುತ್ತ ಮುದುಕಿಯಾದವಳು ಅವಳು. ಯಾರಿಗೆ ಯಾವ ವೈರು ಚುಚ್ಚಿದರೆ ಗಂಟೆ ಬಾರಿಸುತ್ತದೆ ಎಂಬುದು ಅವಳಿಗೆ ಕರತಲಾಮಲಕ. ಕೆನ್ನೆಯ ಮೇಲೆ ಕೈಯಿಟ್ಟುಕೊಂಡು ನೊಂದ ಧ್ವನಿಯಲ್ಲಿ ಕೇಳಿದಳು.

‘ಅಂಥ ದೊಡ್ಡ ಮನುಷ್ಯರನ್ನ ಹೆಂಗಸರ ಬೆನ್ನ ಹಿಂದೆ ನಿಲ್ಲಿಸ್ತೀರಾ?’

ಅಧ್ಯಕ್ಷರ ಬೆರಳು ಕೆಳಗಿಳಿಯಿತು.

‘ನಂಗೇನೋ ಸರಿ ಅನ್ನಿಸಲ್ಲಪ್ಪ. ಇವತ್ತು ಹೆಂಗಸರ ಹಿಂದೆ ನಿಲ್ಲಿಸಿದ್ರೆ ನಾಳೆ ಹುಡುಗರು, ಅವರು ಹೆಂಗಸರ ಹಿಂದೆ ಬಚ್ಚಿಟ್ಕೊಂಡಿದ್ರು ಅಂತಾರೆ. ಅವರಿಗೇ ಅಂತ ಬೇರೆ ಪ್ರತಿಮೆ ಆಗ್ಬೇಕು. ಮಾರ್ಕೆಟ್ ಸರ್ಕಲ್‌ನಲ್ಲಿ. ಕುದುರೆ ಮೇಲೆ.’

‘ಅಪ್ಪ ಕುದುರೆ ಹತ್ತಿದವರಲ್ಲ ದೊಡ್ಡಮ್ಮ’ ಎಂದರು ಅಧ್ಯಕ್ಷರು, ಆದರೆ ಆಗಲೇ ಅವರ ಕಣ್ಣಲ್ಲಿ ಕುದುರೆ ಕೆನೆಯುತ್ತಿತ್ತು. ಅಪ್ಪನಿಗೆ ಬೇರೆ ಪ್ರತಿಮೆ, ಮುಂದಿನ ವರ್ಷ, ದೊಡ್ಡದಾಗಿ ಎಂದು ಸಭೆ ಒಪ್ಪಿತು. ಹೀಗೆ ಸೂಪರಿಂಟೆಂಡೆಂಟರು ಸ್ಮಾರಕದಿಂದ ಕೆಳಗಿಳಿದರು. ಆದರೆ ಫಲಕದಿಂದ ಇಳಿಯಲಿಲ್ಲ. ಎಷ್ಟು ಸುತ್ತಿ ಬಳಸಿ ಹೇಳಿದರೂ ‘ಅಪ್ಪಣೆಯನ್ನು ಶಿರಸಾವಹಿಸಿ’ ಎಂಬ ಸಾಲು ಜಗ್ಗಲಿಲ್ಲ. ಅದನ್ನು ಕಲ್ಲಿಗೆ ಕೊರೆಯಲು ಕಳಿಸಿಯೂ ಆಯಿತು.

ಆ ಸಾಲನ್ನು ಅಲ್ಲಾಡಿಸಬಲ್ಲ ಜೀವ ಒಂದೇ ಒಂದು. ಟ್ರಂಕ್ ಕಾಲನ್ನು ಸ್ವಂತ ಕಿವಿಯಿಂದ ಕೇಳಿದವಳು. ದೊಡ್ಡಮ್ಮನೂ ಮೈಕಮ್ಮನೂ ಹೇಳಿದರೆ ಎರಡು ಮುದುಕಿಯರ ಹೊಟ್ಟೆಕಿಚ್ಚು ಎಂದಾಗುತ್ತದೆ. ಪದಕದ ಮನೆಯೊಳಗಿನವಳೇ ಹೇಳಿದರೆ ಅದರ ತೂಕವೇ ಬೇರೆ.

ಅಧ್ಯಕ್ಷರು ಮನೆಯಲ್ಲಿಲ್ಲದ ಹೊತ್ತು ನೋಡಿ ಇಬ್ಬರೂ ಹೋದರು. ಇಲಿಮರಿ ಕಿಟಕಿಯ ಪಕ್ಕ ಕೂತು ಮೊಮ್ಮಗಳ ಅಂಗಿಗೆ ಗುಂಡಿ ಹಾಕುತ್ತಿದ್ದಳು. ಮಂಡಿನೋವು, ಎದ್ದು ಬರಲಾಗುವುದಿಲ್ಲ, ಆದರೆ ಕಣ್ಣು ಅದೇ ಕಣ್ಣು. ಗೆಳತಿಯರನ್ನು ಕಂಡದ್ದೇ ಮುಖ ಅರಳಿತು. ಬಂದ ಕಾರಣ ಕೇಳಿದ್ದೇ ಮುದುಡಿತು.

‘ಬೇಡ ಕಣ್ರೇ’ ಎಂದಳು.

‘ಯಾಕೆ ಬೇಡ? ನೀನು ಕೇಳಿಸ್ಕೊಂಡಿದ್ದು ಸುಳ್ಳಾ?’ ಎಂದಳು ಮೈಕಮ್ಮ. ಅಡುಗೆಮನೆಯಲ್ಲಿ ಏನೋ ಬಿದ್ದ ಸದ್ದಾಯಿತು.

‘ಮೆಲ್ಲಗೆ ಮಾತಾಡೇ. ಸುಳ್ಳಲ್ಲ. ಆದ್ರೆ ನನ್ನ ಮಗನಿಗೆ ಅವರಪ್ಪ ಅಂದ್ರೆ ಒಂದು ತೂಕ ಜಾಸ್ತಿ. ಆ ಪದಕಾನ ದಿನಾ ಒರೆಸ್ತಾನೆ. ಬದುಕಿದ್ದಾಗ ನಾನು ಅವರಿಗೆ ಎದುರಾಡಲಿಲ್ಲ, ಸತ್ತಮೇಲೆ ಆಡ್ಲಾ?’

‘ನಿಂಗೆ ಹೇಳ್ಬೇಕು ಅಂತ ಒಂದಿನಾನೂ ಅನ್ನಿಸಲಿಲ್ವಾ?’ ದೊಡ್ಡಮ್ಮ ಕೇಳಿದಳು.

ಇಲಿಮರಿ ಸೂಜಿಗೆ ದಾರ ಪೋಣಿಸಿದಳು, ಗಂಟು ಹಾಕಿದಳು. ‘ದಿನಾ ಅನ್ನಿಸಿದೆ’ ಎಂದಳು ಕೊನೆಗೆ. ‘ಅನ್ನಿಸಿದ್ದೆಲ್ಲ ಹೇಳೋಕಾಗುತ್ತಾ? ನಾನಾಗಿ ಬಾಯಿ ಬಿಡಲ್ಲ. ಅವನೇ ಕೇಳಿದ್ರೆ ಮಾತ್ರ ಸುಳ್ಳು ಹೇಳಲ್ಲ. ಆದ್ರೆ ಅವನು ಕೇಳಲ್ಲ. ಅವನಿಗೆ ಎಲ್ಲಾ ಮೊದಲೇ ಗೊತ್ತಲ್ಲ.’

ದಾರಿಯುದ್ದಕ್ಕೂ ಮೈಕಮ್ಮ ಬಯ್ಯುತ್ತ ಬಂದಳು. ದೊಡ್ಡಮ್ಮ ಮಾತ್ರ ಕೊನೆಯ ಮಾತನ್ನೇ ಬಾಯಲ್ಲಿ ಹೊರಳಿಸುತ್ತಿದ್ದಳು. ಅವನೇ ಕೇಳಿದರೆ. ಅಂದರೆ ಅವನು ಕೇಳುವ ಹಾಗೆ ಮಾಡಬೇಕು.

ಪ್ರತಿಮೆ ಮಾಡುತ್ತಿದ್ದವಳು ದೊಡ್ಡಮ್ಮನ ತಂಗಿಯ ಮಗಳು. ದೊಡ್ಡಮ್ಮನ ವಶೀಲಿಯಿಂದ ಸಿಕ್ಕ ಕೆಲಸವಲ್ಲ. ಅವಳು ಮೊದಲೇ ಹೆಸರು ಮಾಡಿದವಳು. ಹಳೆಯ ಗೋದಾಮಿನಲ್ಲಿ ಅವಳ ಕೆಲಸದ ಜಾಗ. ಮಧ್ಯದಲ್ಲಿ ಕಬ್ಬಿಣದ ಕಂಬಿಗಳ ಹಂದರ, ಅದರ ಮೇಲೆ ಮೆತ್ತಿದ ಜೇಡಿಮಣ್ಣು, ಒಣಗದಿರಲೆಂದು ಹೊದಿಸಿದ ಒದ್ದೆ ಗೋಣಿ. ಗೋಡೆಯ ಗೂಟಗಳಿಗೆ ಪ್ಲಾಸ್ಟರಿನ ಕೈಗಳು, ಕಾಲುಗಳು, ಮೂಗಿಲ್ಲದ ಒಬ್ಬ ಮಂತ್ರಿ. ಮಣ್ಣಿನಲ್ಲಿ ಮೂರ್ತಿ ಮುಗಿದ ಮೇಲೆ ಅಚ್ಚು ತೆಗೆದು ಕಂಚು ಎರೆಯಬೇಕು. ಕಂಚಾದ ಮೇಲೆ ಒಂದು ಬೆರಳನ್ನು ಅಲುಗಿಸಬೇಕೆಂದರೂ ಗರಗಸವೇ ಬೇಕು.

‘ಮುಖ ಆಯ್ತು ದೊಡ್ಡಮ್ಮ’ ಎಂದು ಅವಳು ಗೋಣಿ ಸರಿಸಿದಳು. ದೊಡ್ಡಮ್ಮ ಕೊಟ್ಟಿದ್ದ ಎಕ್ಸ್‌ಚೇಂಜಿನ ಹಳೆಯ ಗುಂಪು ಫೋಟೋದಿಂದ ಎತ್ತಿದ ಮುಖ. ಚೂಪು ಗಲ್ಲ, ಅಗಲ ಕಣ್ಣು, ಆಗತಾನೆ ಏನನ್ನೋ ಕೇಳಿಸಿಕೊಂಡು ಬೆಚ್ಚಿದ ನೋಟ. ಇಲಿಮರಿಯೇ. ‘ಕೈ ಎಲ್ಲಿಡಬೇಕು ಅಂತಾನೇ ಗೊತ್ತಾಗ್ತಿಲ್ಲ. ನೀನೇ ಒಂದ್ಸಲ ಕೂತು ತೋರ್ಸು.’

ದೊಡ್ಡಮ್ಮ ಸ್ಟೂಲಿನ ಮೇಲೆ ಕೂತಳು. ಮೈಕಮ್ಮ ಹಳೇ ಪೆಟ್ಟಿಗೆಯಿಂದ ಹುಡುಕಿ ತಂದಿದ್ದ ಸಾಮಾನನ್ನು ತೊಟ್ಟಳು. ತಲೆಯ ಮೇಲೆ ಕಿವಿಗೆ ಒತ್ತುವ ಕಬ್ಬಿಣದ ಪಟ್ಟಿ. ಎದೆಯ ಮೇಲೆ ತೂಗುವ, ಬಾಯಿಯ ಕಡೆಗೆ ಬಾಗಿದ ಮಾತಿನ ಕೊಳವೆ. ಅದನ್ನು ಅವರು ಕೊಂಬು ಎನ್ನುತ್ತಿದ್ದರು. ಮುಂದೆ ಸ್ವಿಚ್‌ಬೋರ್ಡ್ ಇದೆ ಎಂದು ಅಂದುಕೊಂಡು ಬಲಗೈಯಲ್ಲಿ ಇಲ್ಲದ ವೈರು ಹಿಡಿದಳು. ಕಣ್ಣು ಮುಚ್ಚಿದಳು. ಎಡಗೈ ತಾನಾಗಿಯೇ ಎದ್ದು ಬಂದು, ಬೆರಳು ಕೂಡಿಸಿ, ಕೊಂಬಿನ ಬಾಯಿಯ ಮೇಲೆ ಮೆತ್ತಗೆ ಕೂತಿತು.

‘ಇದೇನಿದು, ಎದೆ ಮೇಲೆ ಕೈ?’ ತಂಗಿಯ ಮಗಳು ಕೇಳಿದಳು.

ದೊಡ್ಡಮ್ಮ ಕಣ್ಣು ಬಿಟ್ಟು ತನ್ನ ಕೈಯನ್ನು ತಾನೇ ನೋಡಿಕೊಂಡಳು. ನಗು ಹೊಟ್ಟೆಯ ಬುಡದಿಂದ ಎದ್ದು ಬಂತು.

‘ಎದೆ ಮೇಲಲ್ಲ ಕಣೇ, ಕೊಂಬಿನ ಮೇಲೆ. ಬೇರೆಯವರ ಮಾತು ಕದ್ದು ಕೇಳೋವಾಗ ನಮ್ಮ ಉಸಿರಿನ ಸದ್ದು ಆ ಕಡೆ ಹೋಗ್ಬಾರ್ದಲ್ಲ? ಅದಕ್ಕೆ ಕೊಂಬಿಗೆ ಕೈ ಮುಚ್ತಿದ್ವಿ. ಕೆಲಸಕ್ಕೆ ಸೇರಿದ ಮೊದಲ್ನೇ ವಾರದಲ್ಲಿ ಕಲಿಯೋ ವಿದ್ಯೆ ಇದೇ. ಆಪರೇಟರ್‌ಗಳೆಲ್ಲರಿಗೂ ಗೊತ್ತು. ಸೂಪರಿಂಟೆಂಡೆಂಟರಿಗೆ ಮಾತ್ರ ಗೊತ್ತಿರಲಿಲ್ಲ. ನಾವು ಭಕ್ತಿಯಿಂದ ಕೂತಿದ್ದೀವಿ ಅಂದ್ಕೊಳ್ತಿದ್ರು.’

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ತಂಗಿಯ ಮಗಳು ಒಂದು ಹಿಡಿ ಮಣ್ಣು ತೆಗೆದುಕೊಂಡು ನಾದತೊಡಗಿದಳು.

ಅಧ್ಯಕ್ಷರು ಮೇಷ್ಟರ ಜೊತೆ ಪರಿಶೀಲನೆಗೆ ಬಂದಾಗ ಮಣ್ಣಿನ ಮೂರ್ತಿ ಪೂರ್ತಿಯಾಗಿತ್ತು. ಅವರು ಸುತ್ತ ಒಂದು ಪ್ರದಕ್ಷಿಣೆ ಹಾಕಿದರು. ಎದುರಿಗೆ ಬಂದು ನಿಂತರು. ದೊಡ್ಡಮ್ಮ ಅವರ ಮುಖವನ್ನೇ ನೋಡುತ್ತಿದ್ದಳು. ಈಗ ಬೇಡವೆಂದರೆ ಕೈಯನ್ನು ಮಣ್ಣಿನಲ್ಲೇ ಕಿತ್ತು ಬೇರೆ ಕಡೆ ಅಂಟಿಸಬಹುದು, ಅಲ್ಲಿಗೆ ಎಲ್ಲವೂ ಮುಗಿಯಿತು.

‘ಆಹಾ!’ ಎಂದರು ಅಧ್ಯಕ್ಷರು. ‘ಎದೆ ಮೇಲೆ ಕೈಯಿಟ್ಟು ಅಪ್ಪಣೆ ಸ್ವೀಕರಿಸ್ತಿದ್ದಾಳೆ! ನಿಷ್ಠೆ ಅಂದ್ರೆ ಇದು. ನೋಡಿ ಮೇಷ್ಟ್ರೇ, ನಿಮ್ಮ ಸಾಲಿಗೆ ಹೇಳಿ ಮಾಡಿಸಿದ ಹಾಗಿದೆ.’

‘ಶಿರಸಾವಹಿಸಿ’ ಎಂದರು ಮೇಷ್ಟರು, ಗದ್ಗದರಾಗಿ.

‘ಈ ಮುಖ ಎಲ್ಲೋ ನೋಡಿದ ಹಾಗಿದೆಯಲ್ಲ?’

‘ಒಳ್ಳೇ ಹೆಂಗಸರ ಮುಖ ಎಲ್ಲಾ ಒಂದೇ ಥರ ಇರುತ್ತಪ್ಪ’ ಎಂದಳು ದೊಡ್ಡಮ್ಮ. ಐವತ್ತರ ಹತ್ತಿರ ಬಂದ ಮನುಷ್ಯ, ದಿನಾ ಅದೇ ಕಣ್ಣಿನೆದುರು ಕೂತು ಉಂಡವನು, ಗುರುತು ಹಿಡಿಯಲಿಲ್ಲವಲ್ಲ ಎಂದು ಅವಳಿಗೆ ನಗುವೂ ಬಂತು, ಸ್ವಲ್ಪ ಸಂಕಟವೂ ಆಯಿತು. ಅಮ್ಮ ಒಂದು ಕಾಲಕ್ಕೆ ಹುಡುಗಿಯಾಗಿದ್ದಳು ಎಂಬುದು ಯಾವ ಮಗನಿಗೆ ಹೊಳೆಯುತ್ತದೆ? ಅಧ್ಯಕ್ಷರು ಒಪ್ಪಿಗೆಯ ಸಹಿ ಹಾಕಿ ಹೋದರು. ಮರುದಿನವೇ ಅಚ್ಚು ತೆಗೆಯಲು ಶುರುಮಾಡು, ಬೆಂಕಿಯ ಮೇಲೆ ಕಂಚು ಇಡು ಎಂದು ದೊಡ್ಡಮ್ಮ ತಂಗಿಯ ಮಗಳ ಬೆನ್ನು ಹತ್ತಿದಳು.

ಅನಾವರಣದ ಸಂಜೆ ಊರಿಗೆ ಊರೇ ಹೊಳೆದಂಡೆಯ ಮೈದಾನದಲ್ಲಿ ಸೇರಿತು. ಮುಂದಿನ ಸಾಲಿನ ಕುರ್ಚಿಗಳನ್ನು ಸುತ್ತಮುತ್ತಲ ಊರಿನ ನಿವೃತ್ತ ಆಪರೇಟರುಗಳಿಗೆ ಮೀಸಲಿಡಿ, ಅವರನ್ನು ಗೌರವಿಸಿದ ಹಾಗಾಗುತ್ತದೆ ಎಂದು ಸಲಹೆ ಕೊಟ್ಟವಳು ದೊಡ್ಡಮ್ಮ. ಎಷ್ಟು ಒಳ್ಳೆಯ ಸಲಹೆ ಎಂದು ಎಲ್ಲರೂ ಹೊಗಳಿದ್ದರು. ಈಗ ಆ ಸಾಲಿನ ತುಂಬ ಬೆಳ್ಳಿಕೂದಲಿನ ಹೆಂಗಸರು. ನಡುವೆ, ಕೈಯಿರುವ ದೊಡ್ಡ ಕುರ್ಚಿಯಲ್ಲಿ, ಇಲಿಮರಿ. ವೇದಿಕೆಯ ಮೇಲೆ ಎರಡು ಪರದೆಗಳು: ಒಂದು ಪ್ರತಿಮೆಗೆ, ಒಂದು ಫಲಕಕ್ಕೆ.

ಅಧ್ಯಕ್ಷರು ಅಂಗಿಯ ಕಾಲರಿಗೆ ಸಿಕ್ಕಿಸುವ ಸಣ್ಣ ಮೈಕು ಹಾಕಿಕೊಂಡು ಮಾತಾಡಿದರು. ನದಿಯ ಬಣ್ಣದ ಬಗ್ಗೆ ಮಾತಾಡಿದರು. ಪದಕದ ಬಗ್ಗೆ ಮಾತಾಡಿದರು. ಕೊನೆಗೆ ಮುಂದಿನ ಸಾಲಿನ ಕಡೆ ಕೈ ಚಾಚಿ, ‘ಹೆಣ್ಣಿನ ನಿಜವಾದ ಹಿರಿಮೆ ಎಂಥದು ಅಂತ ನಾನು ಕಲಿತದ್ದು ನನ್ನ ತಾಯಿಯಿಂದ. ಅವರು ನನ್ನ ತಂದೆಯ ಒಂದೇ ಒಂದು ಅಪ್ಪಣೆಯನ್ನೂ ಎಂದೂ ಮೀರಿದವರಲ್ಲ’ ಎಂದರು. ಚಪ್ಪಾಳೆ ಬಿತ್ತು. ಇಲಿಮರಿಯ ತುಟಿ ಬಿಗಿದದ್ದನ್ನು ದೊಡ್ಡಮ್ಮ ಪಕ್ಕದಿಂದಲೇ ನೋಡಿದಳು.

ಪರದೆ ಸರಿಯಿತು.

ಕಂಚಿನ ಹುಡುಗಿ ಸಂಜೆಯ ಬಿಸಿಲಿನಲ್ಲಿ ಕಣ್ಣರಳಿಸಿ ಕೂತಿದ್ದಳು, ಎಡಗೈ ಕೊಂಬಿನ ಮೇಲೆ. ಆಮೇಲೆ ಮುಂದಿನ ಸಾಲಿನ ತುದಿಯಲ್ಲಿ ಒಬ್ಬಾಕೆ ಕಿಸಕ್ಕನೆ ನಕ್ಕಳು. ಪಕ್ಕದವಳು ಅವಳಿಗೆ ಮೊಣಕೈಯಿಂದ ತಿವಿದು, ತಾನೇ ತಡೆಯಲಾರದೆ ನಕ್ಕಳು. ನಗು ಕುರ್ಚಿಯಿಂದ ಕುರ್ಚಿಗೆ ಹರಿಯಿತು. ಒಬ್ಬಳಿಗೆ ಕೆಮ್ಮು ಹತ್ತಿತು, ಒಬ್ಬಳು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡಳು. ‘ಅಯ್ಯೋ, ಕದ್ದು ಕೇಳ್ತಾ ಇದ್ದಾಳೆ ಕಣ್ರೇ!’ ಎಂದು ಮೈಕಮ್ಮ ಪಿಸುಗುಟ್ಟಿದಳು. ಅದು ಮೈದಾನದ ಆಚೆ ಕಡಲೆ ಮಾರುವವನಿಗೂ ಕೇಳಿಸಿತು.

ಇಲಿಮರಿ ನಗಲಿಲ್ಲ. ಆ ಮುಖವನ್ನೇ ನೋಡುತ್ತಿದ್ದಳು. ತನ್ನ ಹಳೆಯ ಮುಖ, ತನ್ನ ಕೈ. ದೊಡ್ಡಮ್ಮನಿಗೆ ಒಮ್ಮೆಗೇ ಹೆದರಿಕೆಯಾಯಿತು. ತಮಾಷೆ ಜಾಸ್ತಿಯಾಯಿತೇ, ಇಷ್ಟು ಕಾಲದ ಸ್ನೇಹವನ್ನು ಕಳೆದುಕೊಂಡೆನೇ? ಅಷ್ಟರಲ್ಲಿ ಇಲಿಮರಿಯ ಭುಜ ಕುಲುಕಿತು. ಅತ್ತಳೋ ಎಂದು ನೋಡಿದರೆ, ನಗುತ್ತಿದ್ದಳು. ಸದ್ದೇ ಇಲ್ಲದೆ, ಕಣ್ಣಲ್ಲಿ ನೀರು ಬರುವ ಹಾಗೆ.

ಅಧ್ಯಕ್ಷರ ಮುಖ ಇಂಗು ತಿಂದ ಮಂಗನ ಹಾಗಾಗಿತ್ತು. ಫಲಕದ ಪರದೆಯ ಉದ್ದನೆಯ ಹಗ್ಗವನ್ನು ಒಂದು ಕೈಯಲ್ಲಿ ಹಿಡಿದುಕೊಂಡೇ ಅವರು ವೇದಿಕೆಯಿಂದ ಇಳಿದು ಬಂದು ತಾಯಿಯ ಕುರ್ಚಿಯ ಮುಂದೆ ಕುಕ್ಕರುಗಾಲಿನಲ್ಲಿ ಕೂತರು. ದನಿ ತಗ್ಗಿಸಿದರು.

‘ಏನಮ್ಮ ಇದು? ಎಲ್ರೂ ಯಾಕೆ ನಗ್ತಿದ್ದಾರೆ? ಅವಳು ಕೈಯಲ್ಲಿ ಏನು ಮಾಡ್ತಿದ್ದಾಳೆ?’

ಕಾಲರಿನ ಮೈಕು ಆ ಪಿಸುಮಾತನ್ನು ಎತ್ತಿಕೊಂಡು ಮೈದಾನದ ಎರಡೂ ತುದಿಯ ಸ್ಪೀಕರುಗಳಿಗೆ ಕೊಟ್ಟಿತು. ಅಧ್ಯಕ್ಷರಿಗೆ ಅದು ಗೊತ್ತಾಗಲಿಲ್ಲ. ಧ್ವನಿವರ್ಧಕದವನಿಗೆ ಗೊತ್ತಾಯಿತು, ಅವನು ಗುಂಡಿಯ ಕಡೆ ಕೈ ಚಾಚಿದ. ದೊಡ್ಡಮ್ಮ ಎದ್ದು ಹೋಗಿ ಅವನ ಮಣಿಕಟ್ಟು ಹಿಡಿದಳು.

‘ಬಿಡಪ್ಪ. ಮಾತು ನಡೀತಿರುವಾಗ ಮಧ್ಯದಲ್ಲಿ ಕಟ್ ಮಾಡ್ಬಾರ್ದು.’

ಮಗ ಕೇಳಿದ್ದ. ಇಲಿಮರಿ ಅವನ ಮುಖವನ್ನು ಒಂದು ಗಳಿಗೆ ನೋಡಿದಳು, ಆಮೇಲೆ ಹೇಳಿದಳು. ಮೆಲ್ಲಗೆ, ಮಗನೊಬ್ಬನಿಗೇ ಎಂಬಂತೆ. ‘ಅವಳು ಕದ್ದು ಕೇಳ್ತಿದ್ದಾಳೆ ಕಣೋ. ಅವಳು ನಾನು. ಇಂಜಿನಿಯರು ಹೇಳಿದ್ದು ನನ್ನ ಕಿವೀಲೇ ಕೇಳ್ದೆ. ಇವರಿಬ್ಬರಿಗೆ ಹೇಳ್ದೆ. ಯಾರನ್ನೂ ಕೇಳ್ಲಿಲ್ಲ, ಫೋನ್ ಮಾಡೋಕೆ ಶುರು ಮಾಡಿದ್ವಿ. ನದಿ ಬಣ್ಣಾನ ಯಾರೂ ನೋಡ್ಲಿಲ್ಲ.’

ಮಗನ ಕಾಲರಿನ ಮೈಕು ಆ ಮೆಲುದನಿಯನ್ನೂ ಮೈದಾನದ ಎರಡೂ ತುದಿಗೆ ಮುಟ್ಟಿಸಿತು. ಮೇಷ್ಟರು ಕಾಲಬುಡದ ನೆಲವನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದರು. ದೊಡ್ಡಮ್ಮ ಮನಸ್ಸಿನಲ್ಲೇ ಅಂದುಕೊಂಡಳು. ಬಂತಲ್ಲ, ಕೊನೆಗೂ ಬಂತಲ್ಲ, ಅದೂ ಊರಿನ ನಡುಮಧ್ಯೆ.

‘ಹಾಗಾದ್ರೆ ಅಪ್ಪ ಅಪ್ಪಣೆ ಕೊಡ್ಲೇ ಇಲ್ವಾ ಅಮ್ಮ?’ ಅಧ್ಯಕ್ಷರ ದನಿ ಹುಡುಗನ ದನಿಯಾಗಿತ್ತು.

‘ಕೊಟ್ರು ಕಣೋ. ಸುಳ್ಳು ಯಾಕೆ ಹೇಳ್ಲಿ?’ ಇಲಿಮರಿ ಮಗನ ಕೆನ್ನೆಗೆ ಕೈ ಹಚ್ಚಿದಳು. ‘ಊಟಕ್ಕೆ ಅಂತ ಮನೆಗೆ ಹೋದ್ರು. ಆಗ ಅವರ ಮನೆ ಇದ್ದದ್ದು ಕೆಳಪೇಟೇಲಿ, ಹೊಳೆ ಪಕ್ಕದಲ್ಲೇ. ಬಾಗಿಲ ಹತ್ರ ನಾನು ಕೂತಿದ್ನಲ್ಲ, ನಂಗೆ ಮಾತ್ರ ಕೇಳೋ ಹಾಗೆ ಹೇಳಿ ಹೋದ್ರು. ಉಂಡು ಸ್ವಲ್ಪ ಮಲಗ್ತೀನಿ, ಏನೇ ಆದ್ರೂ ಫೋನ್ ಮಾಡಿ ನನ್ನ ಎಬ್ಬಿಸ್ಬೇಡ ಅಂದ್ರು. ಅವತ್ತು ಅವರು ಕೊಟ್ಟಿದ್ದು ಅದೊಂದೇ ಅಪ್ಪಣೆ.’

ದೊಡ್ಡಮ್ಮ ಧ್ವನಿವರ್ಧಕದವನ ಕೈ ಬಿಟ್ಟಳು. ಎಕ್ಸ್‌ಚೇಂಜಿನಲ್ಲಿ ಇಲಿಮರಿಯ ಪಕ್ಕದ ಸೀಟಿನಲ್ಲೇ ಕೂತಿದ್ದವಳು ಅವಳು. ಊರಿನ ಗುಟ್ಟುಗಳೆಲ್ಲ ಹಾದುಹೋದ ಕಿವಿ ಅವಳದು. ಇದೊಂದು ಮಾತು ಇಷ್ಟು ವರ್ಷ ಆ ಕಿವಿಗೆ ಬಿದ್ದಿರಲಿಲ್ಲ.

‘ಎಲ್ಲರಿಗಿಂತ ಮೊದಲು ನಾನು ಮಾಡಿದ್ದು ಅವರ ಮನೆಗೇ’ ಎಂದಳು ಇಲಿಮರಿ. ‘ಗಂಟೆ ಹೊಡೀತಾನೇ ಇತ್ತು, ಎತ್ತಲಿಲ್ಲ. ನಾನೂ ಬಿಡಲಿಲ್ಲ. ಕೊನೆಗೆ ಎತ್ತಿ ಬಾಯಿಗೆ ಬಂದ ಹಾಗೆ ಬೈದ್ರು. ಬೈಸ್ಕೊಂಡೇ ಎಬ್ಬಿಸಿದೆ. ಆ ಅಪ್ಪಣೆ ನಾನು ಮೀರದೇ ಇದ್ದಿದ್ರೆ, ನೀನು ಹುಟ್ತಾನೇ ಇರ್ಲಿಲ್ಲ ಕಣೋ.’

ಅಧ್ಯಕ್ಷರು ಫಲಕದ ಹಗ್ಗವನ್ನು ಎಳೆಯದೆ ಕೈಬಿಟ್ಟು, ಅಮ್ಮನ ಕಾಲ ಬಳಿ ನೆಲದ ಮೇಲೇ ಕೂತುಬಿಟ್ಟರು.